ಎಂಜಿನ್ ಆರಿದ ಮೇಲಿನ ತಂಪು: ಟರ್ಬೊ ಕೂಲೆಂಟ್ ಪೈಪುಗಳ ಕುರಿತು ಒಂದು ಟಿಪ್ಪಣಿ

ಹೊಸದಾಗಿ ಟರ್ಬೊ ಕೂರಿಸಿದ ಪೆಟ್ರೋಲ್ ಕಾರಿನಲ್ಲಿ ಕೂಲೆಂಟ್ ಪೈಪನ್ನು ಎಲ್ಲಿಂದ ತೆಗೆಯಬೇಕು, ಎಲ್ಲಿಗೆ ಸೇರಿಸಬೇಕು ಎಂಬ ಪ್ರಶ್ನೆ ಬಂದಾಗ ಸಾಮಾನ್ಯವಾಗಿ ಓಡುತ್ತಿರುವ ಎಂಜಿನ್ನನ್ನೇ ಮನಸ್ಸಿನಲ್ಲಿಟ್ಟುಕೊಂಡು ಉತ್ತರ ಹುಡುಕುತ್ತಾರೆ. ನನ್ನ ವಾದ ಬೇರೆ. ಆ ಪೈಪುಗಳ ಮುಖ್ಯ ಕೆಲಸ ಶುರುವಾಗುವುದು ಎಂಜಿನ್ ಆರಿಸಿದ ಮೇಲೆ. ಜೋಡಣೆ ಸರಿಯೋ ತಪ್ಪೋ ಎಂಬುದನ್ನು ಆ ಹೊತ್ತಿನಲ್ಲೇ ಅಳೆಯಬೇಕು.

ಟರ್ಬೊದ ಒಂದು ತುದಿಗೆ ಟರ್ಬೈನ್, ಇನ್ನೊಂದು ತುದಿಗೆ ಕಂಪ್ರೆಸರ್, ನಡುವೆ ಬೇರಿಂಗ್ ಹೌಸಿಂಗ್. ಪೂರ್ಣ ಭಾರದಲ್ಲಿ ಪೆಟ್ರೋಲ್ ಎಂಜಿನ್ನಿನ ಹೊಗೆಯ ಬಿಸಿ 950 ಡಿಗ್ರಿ ಸೆಲ್ಸಿಯಸ್ ಮುಟ್ಟಬಲ್ಲದು. ಸಣ್ಣ ಟರ್ಬೊದ ಶಾಫ್ಟ್ ನಿಮಿಷಕ್ಕೆ 2 ಲಕ್ಷ ಸುತ್ತನ್ನೂ ದಾಟುತ್ತದೆ. ಓಡುತ್ತಿರುವಾಗ ಒತ್ತಡದಲ್ಲಿ ಹರಿಯುವ ಆಯಿಲ್ ಬೇರಿಂಗಿನ ಬಿಸಿಯನ್ನು ಹೊತ್ತೊಯ್ಯುತ್ತದೆ. ಕೀ ತಿರುಗಿಸಿದ ಕ್ಷಣ ಆಯಿಲ್ ಪಂಪೂ ನಿಂತಿತು, ವಾಟರ್ ಪಂಪೂ ನಿಂತಿತು. ಆದರೆ ಟರ್ಬೈನ್ ಕಡೆಯ ದಪ್ಪ ಎರಕದಲ್ಲಿ ತುಂಬಿಕೊಂಡ ಬಿಸಿ ಅಲ್ಲೇ ಇರುವುದಿಲ್ಲ, ಶಾಫ್ಟಿನ ಗುಂಟ ಬೇರಿಂಗ್ ಕಡೆಗೆ ಬರುತ್ತದೆ. ನಿಂತಲ್ಲೇ ನಿಂತ ಆಯಿಲ್ ಸುಟ್ಟು ಗಟ್ಟಿ ಕರಿಯಾಗಿ ಅಂಟುತ್ತದೆ, ಬರಬರುತ್ತಾ ಆಯಿಲ್ ದಾರಿಯನ್ನೇ ಕಟ್ಟುತ್ತದೆ. ಬೇರಿಂಗ್ ಹೌಸಿಂಗಿನ ಸುತ್ತ ನೀರಿನ ಕೋಶ ಇಟ್ಟ ಟರ್ಬೊಗಳು 1980ರ ದಶಕದಲ್ಲಿ ಕಾರುಗಳಿಗೆ ಬಂದದ್ದು ಈ ತೊಂದರೆಗಾಗಿಯೇ.

ಕಾದ ಎಂಜಿನ್ನನ್ನು ತಟ್ಟನೆ ಆರಿಸುವ ಸಂದರ್ಭಗಳನ್ನು ನಮ್ಮ ಹಾಸನ ಜಿಲ್ಲೆಯ ರಸ್ತೆಗಳು ತಾವಾಗಿಯೇ ಒದಗಿಸುತ್ತವೆ. ಬೆಂಗಳೂರಿನಿಂದ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ವೇಗವಾಗಿ ಬಂದವರು ಚನ್ನರಾಯಪಟ್ಟಣದ ಹತ್ತಿರ ಹೋಟೆಲ್ ಕಂಡೊಡನೆ ಗಾಡಿ ನಿಲ್ಲಿಸುತ್ತಾರೆ. ಶಿರಾಡಿ ಘಾಟಿಯನ್ನು ಕೆಳಗಿನ ಗೇರಿನಲ್ಲಿ ಹತ್ತಿ ಬಂದವರಿಗೆ ದೋಣಿಗಾಲ್ ದಾಟಿದರೆ ಕಾಫಿ ನೆನಪಾಗುತ್ತದೆ. ಹೊಳೆನರಸೀಪುರದ ಮೇಲೆ ಮೈಸೂರು–ಹಾಸನ ರೈಲು ಮಾರ್ಗ ಹೋಗುತ್ತದೆ. ಗೇಟ್ ಬಿದ್ದರೆ ಪೆಟ್ರೋಲ್ ಉಳಿಸಲು ಎಲ್ಲರೂ ಎಂಜಿನ್ ಆರಿಸುತ್ತಾರೆ. ಅರಕಲಗೂಡಿನ ಒಳರಸ್ತೆಯಲ್ಲಿ ತಂಬಾಕು, ಆಲೂಗಡ್ಡೆ ಹೊತ್ತ ಟ್ರ್ಯಾಕ್ಟರುಗಳ ಹಿಂದೆ ತೆವಳುವ ಕಾರಿಗೆ ಈ ಅಪಾಯ ಕಡಿಮೆ, ಏಕೆಂದರೆ ಅಲ್ಲಿ ಟರ್ಬೊ ಅಷ್ಟು ಕಾಯುವುದೇ ಇಲ್ಲ. ಕೆಡುಕು ಇರುವುದು ಜೋರಾಗಿ ಓಡಿಸಿ ತಟ್ಟನೆ ನಿಲ್ಲಿಸುವುದರಲ್ಲಿ.

ಈ ಭಾಗದ ಗ್ಯಾರೇಜುಗಳ ಟರ್ಬೊ ಅನುಭವ ಬಹುಪಾಲು ಡೀಸೆಲ್ ಗಾಡಿಗಳಿಂದ ಬಂದದ್ದು ಎಂಬುದನ್ನು ಇಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಡೀಸೆಲ್ ಹೊಗೆಯ ಬಿಸಿ ಪೆಟ್ರೋಲಿನದಕ್ಕಿಂತ ನೂರಿನ್ನೂರು ಡಿಗ್ರಿ ಕಡಿಮೆ. ಆದ್ದರಿಂದ ಅನೇಕ ಡೀಸೆಲ್ ಟರ್ಬೊಗಳಿಗೆ ನೀರಿನ ಪೈಪೇ ಇಲ್ಲ, ಆಯಿಲ್ ಒಂದೇ ಸಾಕು. ‘ಎರಡು ನಿಮಿಷ ಐಡ್ಲಿಂಗ್ ಬಿಟ್ಟು ಆಮೇಲೆ ಆಫ್ ಮಾಡಿ’ ಎಂಬ ಮಾತು ಆ ಅನುಭವದ ಫಲ, ಒಳ್ಳೆಯ ಮಾತೇ. ಅದೇ ರೂಢಿಯಲ್ಲಿ ಪೆಟ್ರೋಲ್ ಟರ್ಬೊದ ನೀರಿನ ಕಿಂಡಿಗಳಿಗೆ ಬಿರಡೆ ಹಾಕಿ ಬಿಡುವುದು ಮಾತ್ರ ಖಂಡಿತ ತಪ್ಪು. ಬಾಲ್ ಬೇರಿಂಗ್ ಟರ್ಬೊಗಳಲ್ಲಂತೂ ಹೆಚ್ಚಿನವು ನೀರಿಲ್ಲದೆ ಬಾಳಲಾರವು.

ಪಂಪ್ ನಿಂತ ಮೇಲೆ ನೀರನ್ನು ತಿರುಗಿಸುವವರು ಯಾರು? ಬಿಸಿಯೇ. ಹಾಸನದ ತಾರಸಿಗಳ ಮೇಲಿನ ಸೋಲಾರ್ ಹೀಟರಿನಲ್ಲಿ ಫಲಕ ಕೆಳಗೆ, ಟ್ಯಾಂಕ್ ಮೇಲೆ ಇರುತ್ತದೆ. ಕಾದ ನೀರು ಹಗುರಾಗಿ ಮೇಲೇರುತ್ತದೆ, ತಣ್ಣೀರು ಕೆಳಗಿನಿಂದ ಆ ಜಾಗಕ್ಕೆ ಬರುತ್ತದೆ, ಮೋಟಾರು ಬೇಕಿಲ್ಲ. ಟರ್ಬೊದಲ್ಲೂ ನಡೆಯಬೇಕಾದದ್ದು ಇದೇ. ನೀರು ಕೆಳಗಿನ ಕಿಂಡಿಯಿಂದ ಒಳಗೆ ಹೋಗಬೇಕು, ಮೇಲಿನ ಕಿಂಡಿಯಿಂದ ಹೊರಗೆ ಬರಬೇಕು, ಅಲ್ಲಿಂದ ಮುಂದೆ ಪೈಪು ಎಲ್ಲೂ ತಗ್ಗದೆ ಏರುತ್ತಲೇ ಹೋಗಬೇಕು. ನಡುವೆ ಒಂದು ಡೊಂಕು ಮೇಲೆದ್ದು ಮತ್ತೆ ಇಳಿದರೆ ಅಲ್ಲಿ ಏರ್ ಲಾಕ್ ಆಗಿ ಹರಿವು ನಿಲ್ಲುತ್ತದೆ.

ಅನೇಕ ಟರ್ಬೊಗಳಲ್ಲಿ ಎರಡು ನೀರಿನ ಕಿಂಡಿಗಳೂ ಎದುರುಬದುರು, ಒಂದೇ ಮಟ್ಟದಲ್ಲಿರುತ್ತವೆ. ಹಾಗೇ ನೆಟ್ಟಗೆ ಕೂರಿಸಿದರೆ ನೀರಿಗೆ ಮೇಲು ಕೆಳಗು ತಿಳಿಯುವುದಿಲ್ಲ. ಬೇರಿಂಗ್ ಹೌಸಿಂಗನ್ನು ಶಾಫ್ಟಿನ ಸುತ್ತ ಸುಮಾರು 20 ಡಿಗ್ರಿ ತಿರುಗಿಸಬೇಕೆಂದು ಗ್ಯಾರೆಟ್ ಕಂಪನಿಯ ಜೋಡಣಾ ಸೂಚನೆ ಹೇಳುವುದು ಇದಕ್ಕೇ. ತಿರುಗಿಸುವುದಕ್ಕೂ ಮಿತಿಯಿದೆ. ಆಯಿಲ್ ಡ್ರೈನ್ ತನ್ನ ಭಾರದಿಂದಲೇ ಕೆಳಗಿಳಿಯಬೇಕಾದ್ದರಿಂದ ಅದು ನೇರ ಕೆಳಮುಖದಿಂದ 35 ಡಿಗ್ರಿಗಿಂತ ಹೆಚ್ಚು ವಾಲಬಾರದು. ನೀರಿನ ಆಸೆಗೆ ಆಯಿಲ್ ಕೆಡಿಸಿಕೊಂಡರೆ ಸೀಲ್ ಬಳಿ ಆಯಿಲ್ ಉಕ್ಕಿ ಸೈಲೆನ್ಸರಿನಲ್ಲಿ ನೀಲಿ ಹೊಗೆ ಬರುತ್ತದೆ.

ನೀರು ತೆಗೆಯಲು ಎಂಜಿನ್ ಬ್ಲಾಕ್ ಸೂಕ್ತ ಜಾಗ. ಪಂಪ್ ದಾಟಿದ ನೀರಿಗೆ ಅಲ್ಲಿ ಒತ್ತಡವಿರುತ್ತದೆ. ರೇಡಿಯೇಟರಿನ ಕೆಳಹೋಸಿನಿಂದ ತೆಗೆದರೆ ಥರ್ಮೋಸ್ಟ್ಯಾಟ್ ಮುಚ್ಚಿರುವಾಗ ಹರಿವು ನೆಚ್ಚುವಂತಿರುವುದಿಲ್ಲ. ವಾಪಸು ಪೈಪನ್ನು ಪಂಪಿನ ಹೀರುವ ಬದಿಗೆ ಕೊಟ್ಟರೆ ಓಡುವಾಗ ಹರಿವು ಚೆನ್ನಾಗಿರುತ್ತದೆ, ಆದರೆ ಆ ಜಾಗ ಸಾಮಾನ್ಯವಾಗಿ ತಗ್ಗಿನಲ್ಲಿರುತ್ತದೆ, ಎಂಜಿನ್ ಆರಿದ ಮೇಲೆ ಪ್ರಯೋಜನವಿಲ್ಲ. ರೇಡಿಯೇಟರಿನ ಮೇಲ್ಟ್ಯಾಂಕ್ ಅಥವಾ ಕ್ಯಾಪಿನ ಒತ್ತಡದಲ್ಲೇ ಇರುವ ಎಕ್ಸ್‌ಪ್ಯಾನ್ಷನ್ ಟ್ಯಾಂಕ್ ಟರ್ಬೊಗಿಂತ ಎತ್ತರದಲ್ಲಿದ್ದರೆ ಅಲ್ಲಿಗೇ ಸೇರಿಸುವುದು ಮೇಲು. ಹೀಟರ್ ಹೋಸನ್ನು ಕತ್ತರಿಸಿ ನಡುವೆ ಟರ್ಬೊ ಸೇರಿಸುವುದು ಸುಲಭದ ದಾರಿ. ಆದರೆ ಹಳೆಯ ಕಾರುಗಳಲ್ಲಿ ಹೀಟರಿಗೆ ಕಾಕ್ ಇರುತ್ತದೆ, ನಮ್ಮ ಕಡೆ ವರ್ಷದಲ್ಲಿ ಬಹುಕಾಲ ಅದನ್ನು ಯಾರೂ ತೆರೆಯುವುದಿಲ್ಲ. ಕಾಕ್ ಮುಚ್ಚಿದರೆ ಟರ್ಬೊಗೂ ನೀರಿಲ್ಲ.

ನೀರು ಕುದಿಯದಂತೆಯೂ ನೋಡಿಕೊಳ್ಳಬೇಕು. ಹಾಸನ ಸಮುದ್ರಮಟ್ಟದಿಂದ 900 ಮೀಟರಿಗಿಂತ ಮೇಲಿದೆ. ತೆರೆದ ಪಾತ್ರೆಯ ನೀರು ಇಲ್ಲಿ 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ರೇಡಿಯೇಟರಿನ 0.9 ಬಾರ್ ಕ್ಯಾಪ್ ಗಟ್ಟಿಯಾಗಿದ್ದರೆ ಕುದಿಯುವ ಬಿಸಿ 116 ಡಿಗ್ರಿ ದಾಟುತ್ತದೆ, ಗ್ಲೈಕಾಲ್ ಬೆರೆತರೆ ಇನ್ನೂ ಮೇಲೆ. ಸವೆದ ರಬ್ಬರಿನ ಕ್ಯಾಪ್ ಇದ್ದರೆ ಟರ್ಬೊದೊಳಗೇ ಆವಿ ಎದ್ದು ನೀರಿನ ಸುತ್ತಾಟ ಕಡಿಯುತ್ತದೆ. ಬೋರ್‌ವೆಲ್ ನೀರನ್ನಂತೂ ತುಂಬಲೇಬಾರದು. ಬಂಡೆಯ ಸಂದಿನಿಂದ ಬಂದ ಗಡಸು ನೀರು ಮೊದಲು ಸುಣ್ಣ ಕಟ್ಟುವುದು ಅತಿ ಬಿಸಿಯಾದ ಕಿರಿದಾದ ಜಾಗದಲ್ಲಿ, ಅಂದರೆ ಟರ್ಬೊದ ನೀರಿನ ಕೋಶದಲ್ಲಿ.

ಇನ್ನು ಕಾನೂನಿನ ಮಾತು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನಂತೆ ತಯಾರಕರ ಮೂಲ ವಿವರಗಳಿಗೆ ಹೊಂದದ ಬದಲಾವಣೆ ನಿಷಿದ್ಧ. ಸುಪ್ರೀಂ ಕೋರ್ಟ್ ಕೂಡ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಹಾಗಾಗಿ ಹೊಸದಾಗಿ ಟರ್ಬೊ ಕೂರಿಸಿದ ಕಾರಿನ ಜಾಗ ಸ್ಪರ್ಧೆಯ ಮೈದಾನವೇ ಹೊರತು ಹಾಸನದ ಕೆಎ-13 ನೋಂದಣಿ ಫಲಕ ಹೊತ್ತು ಓಡುವ ರಸ್ತೆಯಲ್ಲ. ಕಂಪನಿಯಿಂದಲೇ ಟರ್ಬೊ ಬಂದ ಕಾರುಗಳ ರಿಪೇರಿಗೆ ಮೇಲಿನ ತತ್ವಗಳೆಲ್ಲ ಹಾಗೆಯೇ ಅನ್ವಯಿಸುತ್ತವೆ. ಅವುಗಳಲ್ಲಿ ಕೆಲವಕ್ಕೆ ಎಂಜಿನ್ ಆರಿದ ಮೇಲೂ ಸ್ವಲ್ಪ ಹೊತ್ತು ತಿರುಗುವ ವಿದ್ಯುತ್ ಪಂಪ್ ಇರುತ್ತದೆ. ಅದರ ಸದ್ದು ಕೇಳಿ ದೋಷವೆಂದು ತಂತಿ ಕಿತ್ತುಹಾಕಬಾರದು.

ಜೋಡಣೆಯನ್ನು ಪರೀಕ್ಷಿಸುವ ಕ್ರಮ ಸರಳ. ಚೆನ್ನಾಗಿ ಓಡಿಸಿ ತಂದ ಎಂಜಿನ್ನನ್ನು ಆರಿಸಿ, ಟರ್ಬೊದ ಎರಡೂ ನೀರಿನ ಪೈಪುಗಳ ಬಿಸಿಯನ್ನು ನಿಮಿಷಕ್ಕೊಮ್ಮೆ ಬರೆದುಕೊಳ್ಳಬೇಕು. ಹೊಳೆಯುವ ಲೋಹದ ಮೇಲೆ ಇನ್‌ಫ್ರಾರೆಡ್ ಗನ್ ಸುಳ್ಳು ಅಳತೆ ಕೊಡುತ್ತದೆ, ರಬ್ಬರ್ ಹೋಸಿನ ಮೇಲೆ ಹಿಡಿಯಬೇಕು. ಮೇಲಿನ ಪೈಪು ಬೇಗ ಕಾದು, ಕೆಳಗಿನದು ಬ್ಲಾಕಿನ ನೀರಿನ ಬಿಸಿಯಲ್ಲೇ ಉಳಿದರೆ ನೀರು ತಿರುಗುತ್ತಿದೆ. ಎರಡೂ ಒಟ್ಟಿಗೇ ಏರಿದರೆ ಅದು ನಿಂತಿದೆ. ಆಗ ಮೊದಲು ನೋಡಬೇಕಾದದ್ದು ಟರ್ಬೊವನ್ನಲ್ಲ, ಮೇಲಿನ ಪೈಪಿನ ಏರು ಎಲ್ಲಿ ಮುರಿದಿದೆ ಎಂಬುದನ್ನು.