ಗಾಂಜಾ ಮತ್ತು ಮಿದುಳು: ಸಾರ್ವಜನಿಕರ ತಿಳಿವಳಿಕೆಗಾಗಿ

ಗಾಂಜಾ, ಚರಸ್ ಮತ್ತು ಭಂಗಿ ಈ ಮೂರೂ ಒಂದೇ ಗಿಡದಿಂದ ದೊರೆಯುವ ಪದಾರ್ಥಗಳಾಗಿರುತ್ತವೆ. ಹೂವಿನ ತುದಿಗಳು ಗಾಂಜಾ, ಅಂಟು ಚರಸ್, ಎಲೆಯಿಂದ ತಯಾರಿಸಿದ್ದು ಭಂಗಿ. ಕೇಂದ್ರ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯವು ದೆಹಲಿಯ ಏಮ್ಸ್ ಮೂಲಕ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 10ರಿಂದ 75 ವರ್ಷ ವಯೋಮಾನದವರ ಪೈಕಿ ಶೇ. 2.8ರಷ್ಟು, ಅಂದರೆ ಸುಮಾರು 3.1 ಕೋಟಿ ಜನರು ಇವುಗಳಲ್ಲಿ ಒಂದಲ್ಲ ಒಂದನ್ನು ಬಳಸುತ್ತಿದ್ದರು. ಗಿಡದಿಂದ ಬಂದದ್ದಾದ್ದರಿಂದ ಅಪಾಯವಿಲ್ಲವೆಂದು ಕೆಲವರೂ, ಒಮ್ಮೆ ಸೇದಿದರೆ ಹುಚ್ಚು ಖಚಿತವೆಂದು ಇನ್ನು ಕೆಲವರೂ ನಂಬಿರುತ್ತಾರೆ. ನರವಿಜ್ಞಾನದ ಸಂಶೋಧನೆಗಳು ಈ ಎರಡು ನಂಬಿಕೆಗಳನ್ನೂ ಸಮರ್ಥಿಸುವುದಿಲ್ಲ.

ಮಿದುಳಿನಲ್ಲಿ ನಡೆಯುವುದೇನು?

ಅಮಲಿಗೆ ಮುಖ್ಯ ಕಾರಣವಾದ ಟೆಟ್ರಾಹೈಡ್ರೋಕೆನ್ನಾಬಿನಾಲ್, ಸಂಕ್ಷಿಪ್ತವಾಗಿ ಟಿಎಚ್‌ಸಿ, ಎಂಬ ರಾಸಾಯನಿಕವನ್ನು 1964ರಲ್ಲಿ ಇಸ್ರೇಲಿನ ವಿಜ್ಞಾನಿಗಳಾದ ರಾಫೆಲ್ ಮೆಕೂಲಂ ಮತ್ತು ಯೆಹಿಯೆಲ್ ಗಾವೊನಿ ಅವರು ಶುದ್ಧ ರೂಪದಲ್ಲಿ ಬೇರ್ಪಡಿಸಿ ಅದರ ರಚನೆಯನ್ನು ನಿರೂಪಿಸಿದರು. ಅದು ಮಿದುಳಿನ ನರಕೋಶಗಳ ಮೇಲಿರುವ ನಿರ್ದಿಷ್ಟ ಗ್ರಾಹಕಕ್ಕೆ ಅಂಟಿಕೊಂಡು ಕೆಲಸ ಮಾಡುತ್ತದೆ ಎಂಬುದು 1988ರಲ್ಲಿ ತಿಳಿದುಬಂದಿತು. ಗಿಡದ ವಸ್ತುವೊಂದಕ್ಕೆ ಮಿದುಳಿನಲ್ಲಿ ಗ್ರಾಹಕವೇಕೆ ಇರಬೇಕು ಎಂಬ ಪ್ರಶ್ನೆಗೆ 1992ರಲ್ಲಿ ಉತ್ತರ ದೊರೆಯಿತು: ಅದೇ ಗ್ರಾಹಕಕ್ಕೆ ಹೊಂದುವ ವಸ್ತುವನ್ನು ಮಿದುಳು ತಾನೇ ಉತ್ಪಾದಿಸುತ್ತದೆ. ಆ ವಸ್ತುವಿಗೆ ಸಂಸ್ಕೃತದ 'ಆನಂದ' ಶಬ್ದದಿಂದ ಆನಂದಮೈಡ್ ಎಂದು ಹೆಸರಿಡಲಾಯಿತು. ಹೆಸರು ಮೋಹಕವಾಗಿದ್ದರೂ ಈ ಬಗೆಯ ವಸ್ತುಗಳ ನಿತ್ಯದ ಕೆಲಸ ಆನಂದವನ್ನು ಹಂಚುವುದಲ್ಲ, ಹತೋಟಿಯನ್ನು ಕಾಯುವುದು.

ಸಾಮಾನ್ಯವಾಗಿ ಸಂದೇಶವು ಒಂದು ನರಕೋಶದಿಂದ ಮುಂದಿನದಕ್ಕೆ ಹೋಗುತ್ತದೆ. ಮಿದುಳಿನ ಸ್ವಂತ ಕೆನ್ನಾಬಿನಾಯ್ಡ್‌ಗಳು ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಚಲಿಸುತ್ತವೆ; ಸಂದೇಶವನ್ನು ಪಡೆದ ಕೋಶವು ಕಳುಹಿಸಿದ ಕೋಶಕ್ಕೆ 'ಇನ್ನು ಸಾಕು' ಎಂದು ತಿಳಿಸುವ ವ್ಯವಸ್ಥೆ ಇದು. 2001ರಲ್ಲಿ ಪ್ರಕಟವಾದ ಪ್ರಯೋಗಗಳು ಇದನ್ನು ತೋರಿಸಿಕೊಟ್ಟವು. ಗದ್ದೆಗೆ ನೀರು ಸಾಕಾದ ಕೂಡಲೇ ನೀರುಗಂಟಿಯು ಕೆರೆಯ ತೂಬನ್ನು ತಗ್ಗಿಸುವುದಕ್ಕೆ ಇದನ್ನು ಹೋಲಿಸಬಹುದು. ಈ ವಸ್ತುಗಳು ಅಗತ್ಯವಿರುವ ಜಾಗದಲ್ಲಿ ಮಾತ್ರ ಉತ್ಪತ್ತಿಯಾಗಿ ಅಲ್ಪಕಾಲದಲ್ಲೇ ನಾಶವಾಗುತ್ತವೆ. ಟಿಎಚ್‌ಸಿ ಹಾಗಲ್ಲ. ಅದು ರಕ್ತದ ಮೂಲಕ ಇಡೀ ಮಿದುಳಿಗೆ ಹರಡಿ, ಯಾವ ಗದ್ದೆಗೆ ನೀರು ಬೇಕು, ಯಾವುದಕ್ಕೆ ಬೇಡ ಎಂಬುದನ್ನು ನೋಡದೆ ಗಂಟೆಗಟ್ಟಲೆ ತೂಬುಗಳನ್ನು ತಗ್ಗಿಸಿಡುತ್ತದೆ.

ಗ್ರಾಹಕಗಳು ಎಲ್ಲಿ ಹೆಚ್ಚಾಗಿವೆಯೋ ಪರಿಣಾಮವೂ ಅಲ್ಲಿಯೇ ಹೆಚ್ಚು. ನೆನಪನ್ನು ರೂಪಿಸುವ ಹಿಪೊಕ್ಯಾಂಪಸ್ ಭಾಗದಲ್ಲಿ ಅವು ದಟ್ಟವಾಗಿರುವುದರಿಂದ ಬಳಸಿದವರು ಆಗತಾನೇ ಓದಿದ್ದನ್ನು, ಕೇಳಿದ್ದನ್ನು ಮರೆಯುತ್ತಾರೆ. ಕಿರುಮಿದುಳಿನ ಮೇಲಿನ ಪರಿಣಾಮದಿಂದ ಸಮತೋಲನ ತಪ್ಪುತ್ತದೆ, ಪ್ರತಿಕ್ರಿಯೆ ನಿಧಾನವಾಗುತ್ತದೆ. ಆದುದರಿಂದ ಈ ಸ್ಥಿತಿಯಲ್ಲಿ ವಾಹನ ಚಲಾಯಿಸುವುದು ಅಪಾಯಕರ. ಉಸಿರಾಟವನ್ನು ನಿಯಂತ್ರಿಸುವ ಮಿದುಳು ಕಾಂಡದಲ್ಲಿ ಗ್ರಾಹಕಗಳು ವಿರಳವಾಗಿರುವುದರಿಂದ ಹೆರಾಯಿನ್‌ನಂತೆ ಉಸಿರು ನಿಂತು ಸಾವು ಸಂಭವಿಸುವುದಿಲ್ಲ. ಇದನ್ನು ನಿರಪಾಯವೆಂಬುದಕ್ಕೆ ಪ್ರಮಾಣಪತ್ರವಾಗಿ ಭಾವಿಸಬಾರದು. ಭಂಗಿಯಂತೆ ಹೊಟ್ಟೆಗೆ ಸೇವಿಸಿದಾಗ ಪರಿಣಾಮವು ತಡವಾಗಿ ಕಾಣಿಸಿಕೊಳ್ಳುತ್ತದೆ. 'ಇನ್ನೂ ಏರಲಿಲ್ಲ' ಎಂದು ಮತ್ತೆ ಕುಡಿದು ತೀವ್ರ ಭೀತಿ, ಗೊಂದಲಕ್ಕೆ ಒಳಗಾಗುವವರು ಹಬ್ಬದ ದಿನಗಳಲ್ಲಿಯೂ ಇದ್ದಾರೆ.

ಅದೇ ಗಿಡದ ಕೆನ್ನಾಬಿಡಿಯಾಲ್ ಎಂಬ ಇನ್ನೊಂದು ವಸ್ತುವು ಅಮಲು ತರುವುದಿಲ್ಲ. ಅದರಿಂದ ಶುದ್ಧೀಕರಿಸಿ ತಯಾರಿಸಿದ ಔಷಧಿಗೆ 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು, ಮಕ್ಕಳಲ್ಲಿ ಆರಂಭವಾಗುವ ಎರಡು ವಿರಳ ಬಗೆಯ ಅಪಸ್ಮಾರಕ್ಕೆ ಅನುಮೋದನೆ ನೀಡಿತು. ಗಾಂಜಾ ಸೇದುವುದಕ್ಕೂ ಈ ಅನುಮೋದನೆಗೂ ಸಂಬಂಧವಿರುವುದಿಲ್ಲ.

ಹದಿಹರೆಯದವರ ವಿಷಯದಲ್ಲಿ ವಿಶೇಷ ಎಚ್ಚರಿಕೆ

ಮಿದುಳಿನ ಬೆಳವಣಿಗೆ ಸುಮಾರು 25 ವರ್ಷ ವಯಸ್ಸಿನವರೆಗೂ ಮುಂದುವರಿಯುತ್ತದೆ. ಯೋಚನೆ, ಸಂಯಮ, ತೀರ್ಮಾನಗಳಿಗೆ ಸಂಬಂಧಿಸಿದ ಮುಂಭಾಗವು ಕೊನೆಯಲ್ಲಿ ಬಲಿಯುತ್ತದೆ. ಯಾವ ನರಸಂಪರ್ಕ ಉಳಿಯಬೇಕು, ಯಾವುದು ಕಳಚಬೇಕು ಎಂಬುದು ನಿರ್ಧಾರವಾಗುವುದರಲ್ಲಿ ಮೇಲೆ ಹೇಳಿದ ಹತೋಟಿ ವ್ಯವಸ್ಥೆಯ ಪಾತ್ರವೂ ಇದೆ. ಕಾಲೇಜು ಮೆಟ್ಟಿಲು ಹತ್ತುವ ವಯಸ್ಸಿನಲ್ಲಿ ಗಾಂಜಾ ಹೆಚ್ಚು ಆತಂಕಕಾರಿಯಾಗಿರುವುದು ಈ ಕಾರಣದಿಂದ.

ಸ್ವೀಡನ್ನಿನಲ್ಲಿ 45,000ಕ್ಕೂ ಹೆಚ್ಚು ಯುವ ಸೈನಿಕರನ್ನು ಹಲವು ವರ್ಷ ಗಮನಿಸಿ 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 50ಕ್ಕಿಂತ ಹೆಚ್ಚು ಬಾರಿ ಗಾಂಜಾ ಬಳಸಿದವರಲ್ಲಿ ಸ್ಕಿಜೋಫ್ರೀನಿಯಾ ಕಾಯಿಲೆ ಸುಮಾರು 6 ಪಟ್ಟು ಹೆಚ್ಚಾಗಿ ಕಂಡುಬಂದಿತು. ಯುರೋಪ್ ಮತ್ತು ಬ್ರೆಜಿಲ್‌ನ 11 ಸ್ಥಳಗಳ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಟಿಎಚ್‌ಸಿ ಅಂಶ ಶೇ. 10 ಅಥವಾ ಅದಕ್ಕಿಂತ ಹೆಚ್ಚಿರುವ ಗಾಂಜಾವನ್ನು ಪ್ರತಿದಿನ ಬಳಸುವವರಲ್ಲಿ ಚಿತ್ತವಿಕಲತೆಯ ಸಂಭವವು ಎಂದೂ ಬಳಸದವರಿಗಿಂತ ಸುಮಾರು 5 ಪಟ್ಟು ಹೆಚ್ಚು ಎಂದು ಅದರಲ್ಲಿ ಕಂಡುಬಂದಿದೆ. ಬಳಸುವವರಲ್ಲಿ ಬಹುಪಾಲು ಜನರಿಗೆ ಈ ಕಾಯಿಲೆ ಬರುವುದಿಲ್ಲ ಎಂಬುದೂ ಸತ್ಯ. ಆದರೆ ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಇಂತಹ ಕಾಯಿಲೆ ಇದ್ದಲ್ಲಿ ಆ ಮನೆಯ ಮಕ್ಕಳಿಗೆ ಗಾಂಜಾ ಹೆಚ್ಚಿನ ಅಪಾಯ ತರಬಲ್ಲದು.

ಬುದ್ಧಿಶಕ್ತಿಯ ಬಗ್ಗೆ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ನ್ಯೂಜಿಲೆಂಡಿನ ಡನೆಡಿನ್ ನಗರದಲ್ಲಿ ಜನಿಸಿದ 1,037 ಮಂದಿಯನ್ನು 38ನೇ ವಯಸ್ಸಿನವರೆಗೆ ಅನುಸರಿಸಿದ ಅಧ್ಯಯನವು, ಹದಿಹರೆಯದಲ್ಲಿ ಆರಂಭಿಸಿ ಬಿಡದೆ ಬಳಸಿದವರ ಬುದ್ಧಿಲಬ್ಧದಲ್ಲಿ 8 ಅಂಕಗಳವರೆಗೆ ಇಳಿಕೆಯಾಗಿದೆ ಎಂದು 2012ರಲ್ಲಿ ವರದಿ ಮಾಡಿತು. ಅವಳಿ ಮಕ್ಕಳನ್ನು ಹೋಲಿಸಿದ 2016ರ ಅಧ್ಯಯನವು ಇಂತಹ ಇಳಿಕೆಗೆ ಕುಟುಂಬದ ಹಿನ್ನೆಲೆಯೇ ಹೆಚ್ಚು ಕಾರಣವಿರಬಹುದೆಂದು ಸೂಚಿಸಿತು.

ಬಿಡುವಾಗಿನ ತೊಂದರೆ ಮತ್ತು ಚಿಕಿತ್ಸೆ

ನಿತ್ಯ ಬಳಸುವವರ ಮಿದುಳಿನಲ್ಲಿ ಗ್ರಾಹಕಗಳು ಕಡಿಮೆಯಾಗುತ್ತವೆ. ದಿಢೀರನೆ ಬಿಟ್ಟಾಗ ಸಿಡುಕು, ನಿದ್ರಾಹೀನತೆ, ಹಸಿವಿಲ್ಲದಿರುವುದು, ಚಡಪಡಿಕೆ ಕಾಣಿಸಿಕೊಳ್ಳುವುದು ಇದರಿಂದಲೇ. ಇದನ್ನು ಮಗನ ಹಟವೆಂದೋ ಸೋಗೆಂದೋ ತಿಳಿದು ಮನೆಯವರು ಗದರಿಸುವುದುಂಟು, ಅದು ಸರಿಯಲ್ಲ. ಸುಮಾರು 4 ವಾರಗಳ ಕಾಲ ಸಂಪೂರ್ಣವಾಗಿ ಬಿಟ್ಟವರಲ್ಲಿ ಗ್ರಾಹಕಗಳು ಬಹುಮಟ್ಟಿಗೆ ಮರಳಿರುವುದು ಮಿದುಳಿನ ಸ್ಕ್ಯಾನ್‌ಗಳಲ್ಲಿ ಕಂಡುಬಂದಿದೆ. ಚಿಕಿತ್ಸೆಯಲ್ಲಿ ಆಪ್ತಸಮಾಲೋಚನೆಗೆ ಪ್ರಮುಖ ಸ್ಥಾನವಿದೆ.

ಪೊಲೀಸ್ ಪ್ರಕರಣದ ಭಯದಿಂದ ಅನೇಕ ಕುಟುಂಬಗಳು ಆಸ್ಪತ್ರೆಗೆ ಬರಲು ಹಿಂಜರಿಯುತ್ತವೆ. ಮಾದಕ ದ್ರವ್ಯ ಮತ್ತು ಮನೋಪರಿಣಾಮಕ ಪದಾರ್ಥಗಳ ಅಧಿನಿಯಮ, 1985ರ 64ಎ ಪ್ರಕರಣದ ಮೇರೆಗೆ, ಸೇವನೆ ಅಥವಾ ಅಲ್ಪ ಪ್ರಮಾಣಕ್ಕೆ ಸಂಬಂಧಿಸಿದ ಅಪರಾಧದ ಆಪಾದನೆಗೆ ಒಳಗಾದ ವ್ಯಸನಿಯು ಸ್ವಇಚ್ಛೆಯಿಂದ ಸರ್ಕಾರದ ಅಥವಾ ಸ್ಥಳೀಯ ಪ್ರಾಧಿಕಾರದ, ಇಲ್ಲವೇ ಅವು ಮಾನ್ಯ ಮಾಡಿದ ಸಂಸ್ಥೆಯಲ್ಲಿ ವ್ಯಸನಮುಕ್ತಿ ಚಿಕಿತ್ಸೆ ಪಡೆದಲ್ಲಿ ಆ ಅಪರಾಧಕ್ಕಾಗಿ ಅಭಿಯೋಜನೆಗೆ ಗುರಿಯಾಗುವುದಿಲ್ಲ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟಲ್ಲಿ ಈ ರಕ್ಷಣೆಯನ್ನು ಹಿಂಪಡೆಯಬಹುದಾಗಿದೆ. ಮಾರಾಟ ಮಾಡುವವರಿಗೆ ಇದು ಅನ್ವಯಿಸುವುದಿಲ್ಲ.

ಕರ್ನಾಟಕದಲ್ಲಿ ಜಿಲ್ಲಾ ಆಸ್ಪತ್ರೆಗಳ ಮನೋವೈದ್ಯಕೀಯ ವಿಭಾಗ, ಬೆಂಗಳೂರಿನ ನಿಮ್ಹಾನ್ಸ್ ಹಾಗೂ ಧಾರವಾಡದ ಡಿಮ್ಹಾನ್ಸ್ ಸಂಸ್ಥೆಗಳನ್ನು ಸಂಪರ್ಕಿಸಬಹುದು. ಯಾವ ವಯಸ್ಸಿನಲ್ಲಿ ಆರಂಭವಾಯಿತು, ದಿನಕ್ಕೆ ಎಷ್ಟು ಬಾರಿ, ಜೊತೆಗೆ ತಂಬಾಕು ಅಥವಾ ಮದ್ಯ ಇದೆಯೇ, ಕುಟುಂಬದಲ್ಲಿ ಮಾನಸಿಕ ಕಾಯಿಲೆಯ ಹಿನ್ನೆಲೆ ಇದೆಯೇ ಎಂಬ ವಿವರಗಳನ್ನು ವೈದ್ಯರಿಗೆ ಮರೆಮಾಚದೆ ತಿಳಿಸತಕ್ಕದ್ದು. ಇಲ್ಲದ ಧ್ವನಿ ಕೇಳಿಸುವುದು, ಕಾರಣವಿಲ್ಲದ ತೀವ್ರ ಸಂಶಯ ಅಥವಾ ಆತ್ಮಹತ್ಯೆಯ ಮಾತು ಕಂಡುಬಂದಲ್ಲಿ ವಿಳಂಬವಿಲ್ಲದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಟೆಲಿ-ಮಾನಸ್ ಉಚಿತ ಸಹಾಯವಾಣಿ 14416 ದಿನದ 24 ಗಂಟೆಯೂ ಲಭ್ಯವಿದ್ದು, ಕನ್ನಡದಲ್ಲಿಯೂ ಮಾತನಾಡಬಹುದು. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ ಸಂಖ್ಯೆ 14446. ಬಳಸುವ ವ್ಯಕ್ತಿಯು ಒಪ್ಪದಿದ್ದರೂ ಮನೆಯವರು ಕರೆ ಮಾಡಿ ಸಲಹೆ ಪಡೆಯಬಹುದಾಗಿದೆ.