ಹಲಸೂರಿನ ಹೆಸರಿನಲ್ಲಿರುವ ಮರ

ಬೆಂಗಳೂರು ದಂಡಿನ ಪೂರ್ವದಿಕ್ಕಿನಲ್ಲಿ ವಿಶಾಲವಾದ ಕೆರೆಯನ್ನೂ ಸೋಮೇಶ್ವರನ ಪುರಾತನ ದೇವಾಲಯವನ್ನೂ ಉಳ್ಳ ಹಲಸೂರನ್ನು ಅರಿಯದವರು ವಿರಳ. ಅಲ್ಲಿ ಹಿಂದೆ ಹಲಸಿನ ತೋಪುಗಳಿದ್ದುವೆಂದೂ ಊರಿಗೆ ಅದರಿಂದಲೇ ಹೆಸರು ಬಂದಿತೆಂದೂ ಪ್ರತೀತಿಯುಂಟು. ಈ ಪ್ರತೀತಿಯನ್ನು ಮರದ ಚರಿತ್ರೆಯೊಡನೆ ಹೋಲಿಸಿ ನೋಡೋಣ.

ಸಸ್ಯಶಾಸ್ತ್ರಜ್ಞರು ಹಲಸಿನ ಕುಲವನ್ನು ಆರ್ಟೋಕಾರ್ಪಸ್ ಎಂದು ಕರೆಯುವರು. ಕ್ಯಾಪ್ಟನ್ ಕುಕ್ಕನ 2ನೆಯ ಸಮುದ್ರಯಾನದಲ್ಲಿ (1772–75) ಜೊತೆಗಿದ್ದ ಫಾರ್ಸ್ಟರ್ ತಂದೆಮಗ ಇಬ್ಬರೂ ಇಟ್ಟ ಈ ಗ್ರೀಕ್ ಹೆಸರಿಗೆ ರೊಟ್ಟಿಯ ಹಣ್ಣೆಂದು ಅರ್ಥ. ಅವರ ಮನಸ್ಸಿನಲ್ಲಿದ್ದುದು ಶಾಂತಸಾಗರದ ದ್ವೀಪಗಳ ಜೀಗುಜ್ಜೆ. ಅದರ ದಾಯಾದಿಯಾದ ಹಲಸನ್ನು ನಮ್ಮವರೂ ಹಸಿವಿನೊಡನೆಯೇ ಸೇರಿಸಿದರು: ಹಸಿದು ಹಲಸು, ಉಂಡು ಮಾವು.

ಈ ಕುಲದ ಮರಗಳ ತೌರು ಮಳೆಗಾಡು. ಸಹ್ಯಾದ್ರಿಯ ನಿತ್ಯಹರಿದ್ವರ್ಣದ ಅಡವಿಗಳಲ್ಲಿ ಹಲಸೂ ಹೆಬ್ಬಲಸೂ ತಾವಾಗಿಯೇ ಬೆಳೆಯುತ್ತವೆ. ಮಳೆ ಬಹಳ ಕಡಮೆಯಾದ ಬೆಂಗಳೂರಿನ ಬಯಲಿಗೆ ಹಲಸು ತಾನಾಗಿ ಬಂದಿರಲಾರದು. ಅದರ ಬೀಜ ಒಣಗಿದರೆ ಜೀವ ಕಳೆದುಕೊಳ್ಳುವುದು. ರಾಗಿಯಂತೆ ಕಣಜದಲ್ಲಿ ಕೂಡಿಟ್ಟು ಬಿತ್ತುವಂತಿಲ್ಲ. ಹಣ್ಣು ಬಿಡಿಸಿದ ಕೆಲವೇ ವಾರಗಳಲ್ಲಿ ಊರಿ, ಎಳೆಯ ಸಸಿಗೆ ಬೇಸಗೆಯಲ್ಲಿ ನೀರೆರೆದು, ಫಲಕ್ಕಾಗಿ ವರ್ಷಗಟ್ಟಲೆ ಕಾಯಬೇಕು. ಆದುದರಿಂದ ಬಯಲುಸೀಮೆಯಲ್ಲಿ ಹಲಸಿನ ತೋಪು ಎಂದರೆ ನೆಲೆನಿಂತ ಒಕ್ಕಲು, ನೀರಿನ ಆಸರೆ, ಮಕ್ಕಳು ಮೊಮ್ಮಕ್ಕಳ ಚಿಂತೆ, ಈ ಮೂರೂ ಅಲ್ಲಿದ್ದುವೆಂದೇ ತಿಳಿಯಬೇಕು.

1809ರಲ್ಲಿ ಬ್ರಿಟಿಷರು ದಂಡನ್ನು ಇಲ್ಲಿ ನೆಲೆಗೊಳಿಸುವುದಕ್ಕೆ ಮುಂಚೆಯೇ ಹಲಸೂರು ಒಂದು ಗ್ರಾಮವಾಗಿದ್ದಿತು. ಅನಂತರ ಅದರ ಸುತ್ತ ಕವಾಯಿತು ಮೈದಾನಗಳೂ ಬ್ಯಾರಕ್ಕುಗಳೂ ಎದ್ದುವು. ಇಂಗ್ಲಿಷರ ಬಾಯಲ್ಲಿ ಹಲಸೂರು ಅಲ್ಸೂರಾಯಿತು; ಹಕಾರದೊಡನೆ ಹಲಸೂ ಲೋಪವಾಯಿತು. 1881ರಲ್ಲಿ ಸಂಸ್ಥಾನವು ಒಡೆಯರಿಗೆ ಮರಳಿದಾಗಲೂ ದಂಡು ಬ್ರಿಟಿಷರ ಕೈಯಲ್ಲಿಯೇ ಉಳಿದು, 1947ರಲ್ಲಿ ಮೈಸೂರಿಗೆ ಹಿಂದಿರುಗಿತು. 2011ರಲ್ಲಿ ಮೆಟ್ರೋ ರೈಲು ಈ ದಾರಿಯಲ್ಲಿ ಓಡತೊಡಗಿದಾಗ ನಿಲ್ದಾಣಕ್ಕೆ ಹಲಸೂರು ಎಂಬ ಹೆಸರೇ ಸಂದಿತು.

ಹೆಸರೇನೋ ಹಿಂದಿರುಗಿತು; ತೋಪು ಹಿಂದಿರುಗಲಿಲ್ಲ. ಈ ಊರನ್ನು ಹಿಂದೆ ಕಟ್ಟಿದವರು ತಾವು ಉಣ್ಣದ ಹಣ್ಣಿಗಾಗಿಯೂ ನೀರು ಹೊತ್ತಿರಬೇಕು. ಅವರ ಹೆಸರುಗಳು ನಮಗೆ ದೊರೆತಿಲ್ಲ; ಅವರು ನೆಟ್ಟುದರ ಹೆಸರನ್ನು ಮಾತ್ರ ದಿನವೂ ನುಡಿಯುತ್ತಿದ್ದೇವೆ. ಮುಂದಿನ ಮಳೆಗಾಲದಲ್ಲಿ ಕೆರೆಯ ದಡದ ಮೇಲೆ ನಾಲ್ಕು ಬೀಜಗಳನ್ನು, ಹಸಿಯಾಗಿರುವಾಗಲೇ, ಊರಿದೆವಾದರೆ ಆ ಮಾತು ನಮ್ಮ ಬಾಯಲ್ಲಿ ಸತ್ಯವಾದೀತು.