ನೆಲವನ್ನೇ ನುಂಗುವ ಎಲೆ

ಮ್ಯಾಜಿಕ್: ದಿ ಗ್ಯಾದರಿಂಗ್ ಅನ್ನೋ ಎಲೆಯಾಟ ಶುರುವಾಗಿದ್ದು 1993ರಲ್ಲಿ. ಇಸ್ಪೀಟಿನ ಹಾಗೆ ಎಲ್ಲರಿಗೂ ಒಂದೇ ಕಟ್ಟಲ್ಲ. ಎಲೆಗಳನ್ನ ಕೊಂಡು, ಕೂಡಿಸಿ, ನಿಮ್ಮ ಕಟ್ಟು ನೀವೇ ಮಾಡ್ಕೋಬೇಕು. ನೆಲದ ಎಲೆಗಳು ಶಕ್ತಿ ಕೊಡ್ತವೆ, ಆ ಶಕ್ತಿ ಖರ್ಚು ಮಾಡಿ ಸೈನಿಕರನ್ನ ಇಳಿಸೋದು. ಮೊದಲ ವರ್ಷವೇ ಆರ್ಮಗೆಡ್ಡನ್ ಅಂತ ಒಂದು ಎಲೆ ಬಂತು. ನಾಲ್ಕು ನೆಲದ ಶಕ್ತಿ ಕೊಟ್ಟು ಅದನ್ನ ಹಾಕಿದ್ರೆ ಇಬ್ಬರ ನೆಲವೂ ಪೂರ್ತಿ ನಾಶ!

ಇಬ್ಬರಿಗೂ ನಷ್ಟ ಆದ್ರೆ ಲಾಭ ಯಾರಿಗೆ ಅಂತೀರಾ? ಮೊದಲೇ ಸೈನಿಕರನ್ನ ಇಳಿಸಿದವನಿಗೆ. ಮೇಜಿನ ಮೇಲೆ ನಿಂತ ಸೈನಿಕರಿಗೆ ಆಮೇಲೆ ನೆಲ ಬೇಡ, ಹೊಡೀತಾನೇ ಇರ್ತಾರೆ. ಎದುರಾಳಿ ಕೈತುಂಬ ಭಾರೀ ಎಲೆ ಹಿಡ್ಕೊಂಡು ಸುಮ್ನೆ ಕೂತಿರ್ತಾನೆ. ನೀವು ಮಾತ್ರ ಒಂದೆರಡು ನೆಲದ ಎಲೆ ಕೈಯಲ್ಲೇ ಬಚ್ಚಿಟ್ಟಿರಬೇಕು. ಹಿಂದೆ ಬಿದ್ದಾಗ ಹಾಕಿದ್ರೋ, ನಿಮ್ಮ ಗುಂಡಿ ನೀವೇ ತೋಡ್ಕೊಂಡ ಹಾಗೆ.

1996ರ ವಿಶ್ವ ಚಾಂಪಿಯನ್‌ಶಿಪ್ ನೋಡಿ. ಆಸ್ಟ್ರೇಲಿಯಾದ ಟಾಮ್ ಚಾನ್‌ಫೆಂಗ್ ಕಟ್ಟಿನಲ್ಲಿ ಒಂದು ಆರ್ಮಗೆಡ್ಡನ್, ಜೊತೆಗೆ ಕಮ್ಮಿ ಖರ್ಚಿನ ಬಿಳಿ ಯೋಧರು. ಫೈನಲ್‌ನಲ್ಲಿ ಅಮೆರಿಕದ ಮಾರ್ಕ್ ಜಸ್ಟಿಸ್ ಆಡಿದ್ದು ಆ ವರ್ಷ ಎಲ್ಲರೂ ಹೆದರ್ತಿದ್ದ ಕಪ್ಪು ನೆಕ್ರೋಪೊಟೆನ್ಸ್ ಕಟ್ಟು. ಗೆದ್ದಿದ್ದು ಚಾನ್‌ಫೆಂಗ್. ತಮಾಷೆ ಅಂದ್ರೆ ಅವನ ಕಟ್ಟಲ್ಲಿ ಒಂದು ನೀಲಿ ಎಲೆ ಇತ್ತು, ಅದನ್ನ ಆಡೋಕೆ ಬೇಕಾದ ನೆಲ ಒಂದೂ ಇರ್ಲಿಲ್ಲ.. ಪಟ್ಟಿ ಬರೆಯುವಾಗ ಮರೆತಿದ್ದನಂತೆ :-)

ಇದು ಆಟದ ಮಜಾ ಕೆಡಿಸತ್ತೆ ಅನ್ನೋ ದೂರು ಇದ್ದೇ ಇತ್ತು. 1999ರ ಆರನೇ ಆವೃತ್ತಿಯಲ್ಲಿದ್ದ ಎಲೆ 2001ರ ಏಳನೆಯದರಲ್ಲಿ ಇಲ್ಲ. ನಂಗೇನೋ ಬೇಜಾರೇ. ಈಗಲೇ ಹಾಕೋಣವಾ, ಇನ್ನೊಂದು ಸರದಿ ಕಾಯೋಣವಾ ಅಂತ ತಲೆ ಕೆಡಿಸ್ಕೊಳ್ಳೋದರಲ್ಲೇ ಅಲ್ವಾ ಮಜಾ ಇದ್ದಿದ್ದು?